ಪ್ಲೇಗಿನ ಬಡಾವಣೆ, ಪಾದರಸದ ದೀಪ: ವೈರಸ್ ಅಳಿಸುವ ಬೆಳಕಿನ ಚರಿತ್ರೆ

ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟದ್ದು 1898ರ ಆಗಸ್ಟ್‌ನಲ್ಲಿ, ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ. ಆಮೇಲೆ ದಂಡುಪ್ರದೇಶದ ಇಕ್ಕಟ್ಟಿನ ಕೇರಿಗಳನ್ನು ಸಡಿಲಿಸಲು ಎದ್ದ ಬಡಾವಣೆಗಳಲ್ಲಿ ಒಂದು, ಬ್ರಿಟಿಷ್ ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಹೆಸರಿನ ಫ್ರೇಜರ್ ಟೌನ್, ಅಂದರೆ ಇಂದಿನ ಪುಲಿಕೇಶಿನಗರ. ಇದರ ಯೋಜನೆಯಲ್ಲಿ ದುಡಿದ ಜೆ.ಎಚ್. ಸ್ಟೀಫನ್ಸ್ ಬೆಂಗಳೂರಿನ ಪ್ಲೇಗ್ ನಿರೋಧಕ ನಗರ ಯೋಜನೆಯ ಬಗ್ಗೆ 1914ರಲ್ಲಿ ಪುಸ್ತಕವನ್ನೇ ಹೊರತಂದರು. ಇಲಿ ನುಸುಳದ ನೆಲಗಟ್ಟು, ಅಗಲವಾದ ರಸ್ತೆ, ಮನೆಯೊಳಗೆ ಗಾಳಿ ಬೆಳಕು: ಆ ಕಾಲದ ಆರೋಗ್ಯ ಶಾಸ್ತ್ರ ಕೇಳಿದ್ದು ಇಷ್ಟು.

ಪ್ಲೇಗನ್ನು ತಡೆಯುವುದರಲ್ಲಿ ಬೆಳಕಿನ ಪಾಲೆಷ್ಟು? ಸೂರ್ಯನ ಬೆಳಕು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆಂದು ಸಂಶೋಧಕರಾದ ಡೌನ್ಸ್ ಮತ್ತು ಬ್ಲಂಟ್ 1877ರಲ್ಲೇ ತೋರಿಸಿದ್ದರು. ಆದರೆ ಪ್ಲೇಗ್ ಹರಡುವುದು ಇಲಿಯ ಚಿಗಟದಿಂದ. ಹಾಗಾಗಿ ಹೆಚ್ಚಿನ ಪುಣ್ಯ ನೆಲಗಟ್ಟಿಗೆ ಸಲ್ಲಬೇಕೆಂದು ನನ್ನ ಅಂದಾಜು. ಸೂಕ್ಷ್ಮಾಣುಗಳನ್ನು ಬೇಗ ಕೊಲ್ಲುವ ನೇರಳಾತೀತ ಕಿರಣಗಳ ಅಲೆಯುದ್ದ 260 ನ್ಯಾನೋಮೀಟರಿನ ಆಸುಪಾಸು. 290ಕ್ಕಿಂತ ಕೆಳಗಿನದನ್ನು ಓಜೋನ್ ಪದರ ಆಕಾಶದಲ್ಲೇ ತಡೆಯುತ್ತದೆ. ಉಳಿದು ಬಂದದ್ದರಲ್ಲೂ ಚುರುಕಾದ ಭಾಗದ ಬಹುಪಾಲನ್ನು ಕಿಟಕಿಯ ಗಾಜು ನುಂಗುತ್ತದೆ.

ಆ ಕಿರಣವನ್ನು ಮನುಷ್ಯನೇ ಹುಟ್ಟಿಸಬೇಕಾಯಿತು. ಪಾದರಸದ ಆವಿಯ ದೀಪ ಸೂಸುವ 254 ನ್ಯಾನೋಮೀಟರಿನ ಬೆಳಕು ಕೆಲಸಕ್ಕೆ ಬಂತು. ಫ್ರಾನ್ಸಿನ ಮಾರ್ಸೇಲ್ 1910ರಲ್ಲಿ ಕುಡಿಯುವ ನೀರಿಗೆ ಅದನ್ನು ಹಾಯಿಸಿತು. 1928ರಲ್ಲಿ ಸಂಶೋಧಕರಾದ ರಿವರ್ಸ್ ಮತ್ತು ಗೇಟ್ಸ್, ಸಿಡುಬಿನ ಲಸಿಕೆಗೆ ಬಳಸುವ ವ್ಯಾಕ್ಸಿನಿಯಾ ವೈರಸ್ಸೂ ಈ ಬೆಳಕಿಗೆ ಸೋಲುತ್ತದೆಂದು ವರದಿ ಮಾಡಿದರು. ಕಾರಣ ನಂತರ ತಿಳಿಯಿತು: ಕಿರಣ ತಾಗಿದರೆ ಡಿಎನ್‌ಎಯಲ್ಲಿ ಪಕ್ಕಪಕ್ಕದ ಥೈಮಿನ್‌ಗಳು, ಆರ್‌ಎನ್‌ಎಯಲ್ಲಾದರೆ ಯುರಾಸಿಲ್‌ಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ವೈರಸ್ ತನ್ನ ಪ್ರತಿ ತೆಗೆಯಲಾರದು.

ಗಾಳಿಯಲ್ಲಿ ಹರಡುವ ರೋಗದ ಮೇಲೆ ದೀಪದ ನಿಜವಾದ ಪರೀಕ್ಷೆ ನಡೆದದ್ದು ಫಿಲಡೆಲ್ಫಿಯಾ ಬಳಿಯ ಶಾಲೆಗಳಲ್ಲಿ. ಸಂಶೋಧಕ ವಿಲಿಯಂ ಫರ್ತ್ ವೆಲ್ಸ್ ತರಗತಿಗಳ ಮೇಲ್ಭಾಗದ ಗಾಳಿಗಷ್ಟೇ ಕಿರಣ ಬೀಳುವಂತೆ ದೀಪ ಹಾಕಿಸಿದರು. 1941ರಲ್ಲಿ ದಡಾರ ಹಬ್ಬಿದಾಗ ದೀಪವಿದ್ದ ತರಗತಿಗಳಲ್ಲಿ ರೋಗ ಬಹಳ ಕಡಿಮೆ ಕಂಡಿತು. ಮುಂದೆ ನ್ಯೂಯಾರ್ಕ್ ರಾಜ್ಯದ ಹಳ್ಳಿಶಾಲೆಗಳಲ್ಲಿ ಅಂಥ ಫಲ ಸಿಗಲಿಲ್ಲ. ಅಲ್ಲಿನ ಮಕ್ಕಳು ಒಂದೇ ಬಸ್ಸಿನಲ್ಲಿ ಒತ್ತೊತ್ತಾಗಿ ಬರುತ್ತಿದ್ದರು. ದೀಪವನ್ನು ದೂರುವ ಮೊದಲು ಬಸ್ಸನ್ನು ನೋಡಬೇಕಿತ್ತು. 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರ್‌ನಲ್ಲಿ ಸಂಶೋಧಕ ರೈಲಿಯವರ ತಂಡ ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಗಿನಿಪಿಗ್‌ಗಳಿಗೆ ಉಸಿರಾಡಿಸಿತು. ಕಿರಣ ಹಾಯಿಸಿದ ಗಾಳಿ ಸೇವಿಸಿದ ಪ್ರಾಣಿಗಳಿಗೆ ಸೋಂಕು ತಗುಲಲಿಲ್ಲ.

ಆ ಹೊತ್ತಿಗೇ, 1959ರಲ್ಲಿ, ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅಲ್ಲಿ ರೂಪುಗೊಂಡ ರಾಷ್ಟ್ರೀಯ ಕಾರ್ಯಕ್ರಮ ನಂಬಿದ್ದು ಬಿಸಿಜಿ ಲಸಿಕೆಯನ್ನು, ಮನೆಯಲ್ಲೇ ನುಂಗುವ ಮಾತ್ರೆಯನ್ನು. ಬಡದೇಶಕ್ಕೆ ಅದು ಸರಿಯಾದ ಆಯ್ಕೆ. ವಿದ್ಯುತ್ತೇ ಇಲ್ಲದ ಊರಿಗೆ ದೀಪದ ಮಾತೆಲ್ಲಿ?

ನಮ್ಮಲ್ಲಿ ಈ ದೀಪ ಸದ್ದಿಲ್ಲದೆ ಬಂದು ಸೇರಿದ್ದು ಅಡುಗೆಮನೆಗೆ. 1980ರ ದಶಕದಲ್ಲಿ ಬಂದ ನೀರು ಶುದ್ಧೀಕರಣ ಯಂತ್ರ ಅಕ್ವಾಗಾರ್ಡ್‌ನ ಒಳಗಿದ್ದುದು ಇದೇ ಬೆಳಕು. ನೀರು ತಿಳಿಯಾಗಿದ್ದರಷ್ಟೇ ಅದು ಕೆಲಸ ಮಾಡುತ್ತದೆ. ಕದಡಿದ ನೀರಿನಲ್ಲಿ ಕಣಗಳ ಮರೆಯಲ್ಲಿ ವೈರಸ್ ಉಳಿದುಬಿಡುತ್ತದೆ.

2020ರಲ್ಲಿ, ಕೊರೊನಾ ಹಬ್ಬಿದಾಗ, ದೀಪಕ್ಕೆ ದಿಢೀರನೆ ಬೇಡಿಕೆ ಬಂತು. ಬೆಂಗಳೂರಿನ ಲಾಗ್ 9 ಮೆಟೀರಿಯಲ್ಸ್ 'ಕೊರೊನಾ ಓವನ್' ಎಂಬ ಪೆಟ್ಟಿಗೆ ತಂದಿತು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ 'ಯುವಿ ಬ್ಲಾಸ್ಟರ್'ನಲ್ಲಿ 43 ವಾಟ್‌ನ ಆರು ದೀಪಗಳಿದ್ದವು. ಪೆಟ್ಟಿಗೆಯೊಳಗೆ ಮೊಬೈಲು, ನೋಟು ಶುದ್ಧವಾಗುತ್ತಿದ್ದವು. ಖಾಲಿ ಕೋಣೆಗಳ ಮೇಜು ಕುರ್ಚಿಗಳೂ ಶುದ್ಧವಾಗುತ್ತಿದ್ದವು. ರೋಗ ಹರಡುತ್ತಿದ್ದುದು ಮಾತ್ರ ಮುಖ್ಯವಾಗಿ ಜನ ತುಂಬಿದ ಕೋಣೆಯ ಗಾಳಿಯಲ್ಲಿ. ವೆಲ್ಸ್ 80 ವರ್ಷ ಹಿಂದೆಯೇ ಹಿಡಿದಿದ್ದ ದಾರಿ ಬಿಟ್ಟು ನಾವು ಮೇಜು ಬೆಳಗಿದೆವು. ಅದೇ ವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದವರು ಗಾಳಿಯಲ್ಲಿ ತೇಲುವ ಎರಡು ಬಗೆಯ ಕೊರೊನಾ ವೈರಸ್‌ಗಳು ಪಾದರಸದ ದೀಪದ್ದಕ್ಕಿಂತ ಕಿರಿದಾದ 222 ನ್ಯಾನೋಮೀಟರಿನ ಬೆಳಕಿಗೆ ಬಹುಬೇಗ ನಿಷ್ಕ್ರಿಯವಾಗುವುದನ್ನು ತೋರಿಸಿದರು.

ಕ್ಷಯದ ಸೋಂಕು ತಡೆಗೆ ಕೋಣೆಯ ಮೇಲ್ಭಾಗದ ದೀಪವನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಶಿಫಾರಸು ಮಾಡಿದೆ. ಬೆಂಗಳೂರಿನ ಹಳೆ ಮದ್ರಾಸು ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಂಥ ಕಡೆ, ಕೆಮ್ಮುವವರು ಸರತಿಯಲ್ಲಿ ಕಾಯುವ ಪಡಸಾಲೆಗಳಲ್ಲಿ ಇದರ ಜಾಗವಿದೆ. ಹಾಕಿಸುವವರು ಕಿರಣ ಕಣ್ಣಿಗೂ ಚರ್ಮಕ್ಕೂ ಬೀಳದಂತೆ ತಲೆಯ ಮೇಲಿನ ಎತ್ತರದಲ್ಲಿ ಹಾಕಿಸಲಿ, ಕಿರಣದ ಬಲವನ್ನು ಆಗಾಗ ಮಾಪಕದಲ್ಲಿ ಅಳೆಯಲಿ. ಹಳತಾದ ದೀಪ ಕಣ್ಣಿಗೆ ನೀಲಿಯಾಗಿ ಉರಿಯುತ್ತಲೇ ಇರುತ್ತದೆ, ವೈರಸ್ಸನ್ನು ಮಾತ್ರ ಕೊಲ್ಲುವುದಿಲ್ಲ.