ವಿಥಾಫೆರಿನ್-ಎ ಮತ್ತು ಸ್ತನ ಕ್ಯಾನ್ಸರಿನ ಹರಡುವಿಕೆ: ವಿಮೆಂಟಿನ್ ನೇರ ಗುರಿಯೆ?

ಅಶ್ವಗಂಧದಲ್ಲಿ, ಅಂದರೆ ನಮ್ಮ ಹಿರೇಮದ್ದಿನ ಗಿಡದಲ್ಲಿ, ಇರುವ ವಿಥಾಫೆರಿನ್-ಎ ಹೆಚ್ಚಿನ ಪ್ರಮಾಣದಲ್ಲಿ ಸ್ತನ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂಬುದರಲ್ಲಿ ಈಗ ತಕರಾರಿಲ್ಲ. ತಕರಾರು ಇರುವುದು ಕೋಶ ಸಾಯದಷ್ಟು ಕಡಿಮೆ ಪ್ರಮಾಣದಲ್ಲಿ ಅದು ಏನು ಮಾಡುತ್ತದೆ ಎಂಬುದರ ಬಗ್ಗೆ. ಕೋಶಕ್ಕೆ ಆಕಾರವನ್ನೂ ಚಲನೆಯನ್ನೂ ಕೊಡುವ ಎಳೆಗಳ ಪ್ರೋಟೀನಾದ ವಿಮೆಂಟಿನ್‌ನಲ್ಲಿರುವ ಒಂದೇ ಒಂದು ಸಿಸ್ಟೀನ್‌ಗೆ, 328ನೆಯ ಸ್ಥಾನದಲ್ಲಿ, ಈ ಸಂಯುಕ್ತ ಅಂಟಿಕೊಳ್ಳುತ್ತದೆ ಎಂದು ಬಾರ್ಗಾನಾ-ಮೋಹನ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. 500 ನ್ಯಾನೊಮೋಲಾರ್‌ ಮತ್ತು ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಸ್ತನ ಕ್ಯಾನ್ಸರ್ ಕೋಶಗಳ ಸಾವು ಅಲ್ಪವಾದರೂ ಅವುಗಳ ಅತಿಕ್ರಮಣ ಕುಗ್ಗುತ್ತದೆ, ವಿಮೆಂಟಿನ್ ಎಳೆಗಳು ಕಳಚಿಕೊಳ್ಳುತ್ತವೆ, ಅದರ 56ನೆಯ ಸೆರೀನ್‌ಗೆ ಫಾಸ್ಫೇಟ್ ಸೇರುತ್ತದೆ ಎಂದು 2011ರಲ್ಲಿ ಥೈಪರಂಬಿಲ್ ಮತ್ತು ಸಂಗಡಿಗರು ವರದಿ ಮಾಡಿದರು. ಅದೇ ವರದಿಯಲ್ಲಿ, ಈ ಸಂಯುಕ್ತ ಕೊಟ್ಟ ಇಲಿಗಳ ಶ್ವಾಸಕೋಶದಲ್ಲೂ ಕ್ಯಾನ್ಸರ್ ಗಂಟುಗಳು ಕಡಿಮೆಯಾಗಿದ್ದವು. 2007 ಮತ್ತು 2011ರ ಈ ಎರಡು ವರದಿಗಳನ್ನೂ ಜೋಡಿಸಿ ‘ವಿಥಾಫೆರಿನ್-ಎ ವಿಮೆಂಟಿನ್ ತಡೆಕಾರಕ’ ಎಂದು ಬರೆಯುವುದು ರೂಢಿಯಾಗಿದೆ. ಪ್ರಯೋಗದ ಫಲಿತಾಂಶಗಳನ್ನು ನಾನು ಒಪ್ಪುತ್ತೇನೆ, ಜೋಡಣೆಯನ್ನು ಒಪ್ಪಲಾರೆ.

ಇದಕ್ಕೆ ಮುಖ್ಯ ಆಧಾರ ಗೋಲ್ಡ್‌ಮನ್ ಪ್ರಯೋಗಾಲಯದಿಂದ 2012ರಲ್ಲಿ ಗ್ರಿನ್ ಮೊದಲಾದವರು ಪ್ರಕಟಿಸಿದ ಕೆಲಸ. ಮನುಷ್ಯರ ಫೈಬ್ರೋಬ್ಲಾಸ್ಟ್ ಕೋಶಗಳಲ್ಲಿ ವಿಮೆಂಟಿನ್ ಎಳೆಗಳು ನ್ಯೂಕ್ಲಿಯಸ್ಸಿನ ಬಳಿ ಮುದ್ದೆಗಟ್ಟಿದ್ದನ್ನು ಅವರೂ ಕಂಡರು. ಆದರೆ 328ನೆಯ ಸಿಸ್ಟೀನನ್ನೇ ತೆಗೆದ ವಿಮೆಂಟಿನ್ ಕೂಡ ಹಾಗೆಯೇ ಮುದ್ದೆಗಟ್ಟಿತು. ಕೋಶದ ಹೊರಗೆ, ಬರೀ ಶುದ್ಧ ಪ್ರೋಟೀನಿನೊಂದಿಗೆ ಬೆರೆಸಿದಾಗ ಎಳೆಗಳ ಕಟ್ಟೋಣಕ್ಕೆ ಏನೂ ಆಗಲಿಲ್ಲ. ಅಂಟುವ ಜಾಗವೇ ಇಲ್ಲದಿದ್ದರೂ ಪರಿಣಾಮ ಉಳಿಯುವುದಾದರೆ, ಕೋಶದೊಳಗೆ ಮಧ್ಯೆ ಇನ್ನೇನೋ ಇದೆ ಎಂದೇ ಅರ್ಥ. ಎಳೆಗಳ ಕಟ್ಟೋಣವನ್ನು ಹಿಡಿತದಲ್ಲಿಡುವುದು ಫಾಸ್ಫೇಟ್ ಸೇರಿಸುವ ಮತ್ತು ಕಳಚುವ ಕಿಣ್ವಗಳು. ವಿಥಾಫೆರಿನ್-ಎ ಗಂಧಕವಿರುವ ಸಿಸ್ಟೀನ್‌ಗಳೊಡನೆ ಎಲ್ಲೆಂದರಲ್ಲಿ ಬಂಧ ಬೆಳೆಸಬಲ್ಲ ಸಂಯುಕ್ತ. ಹಾಗಾಗಿ ಮೊದಲು ಕೆಡುವುದು ಈ ಕಿಣ್ವಗಳ ಸಮತೋಲ, ವಿಮೆಂಟಿನ್ ಕುಸಿಯುವುದು ಅದರ ಫಲ ಎಂಬುದು ನನ್ನ ವಾದ. 2011ರ ಲೇಖನ ಹೇಳುವ 56ನೆಯ ಸೆರೀನ್‌ನ ಬದಲಾವಣೆ, ಗ್ರಿನ್ ಅವರು ಕಂಡ 38ನೆಯ ಸೆರೀನ್‌ನ ಬದಲಾವಣೆ ಎರಡೂ ಇದಕ್ಕೆ ಹೊಂದುತ್ತವೆ. ಆದರೂ ಇದು ಅನುಮಾನ ಪ್ರಮಾಣ ಮಾತ್ರ. ಯಾವ ಕಿಣ್ವ ಎಂದು ಬೆರಳಿಟ್ಟು ತೋರಿಸುವಷ್ಟು ಬಲ ಈ ಸಾಕ್ಷ್ಯಕ್ಕಿಲ್ಲ.

ಫೈಬ್ರೋಬ್ಲಾಸ್ಟಿನ ಸಾಕ್ಷ್ಯ ಸ್ತನ ಕ್ಯಾನ್ಸರ್ ಕೋಶಕ್ಕೆ ಸಲ್ಲುತ್ತದೆಯೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಎಂಡಿಎ-ಎಂಬಿ-231 ಎಂಬ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ವಿಮೆಂಟಿನ್ ಹೇರಳ, ಜೊತೆಗೆ ಇನ್ನೊಂದು ಎಳೆ ಪ್ರೋಟೀನಾದ ಕೆರಾಟಿನ್ ಕೂಡ ಇದೆ. ಎರಡೂ ಇರುವ ಕೋಶಗಳಲ್ಲಿ ಕೆರಾಟಿನ್ ಎಳೆಗಳು ಹೆಚ್ಚು ತಾಳಿಕೊಂಡವು ಎಂದು ಗ್ರಿನ್ ಅವರೇ ದಾಖಲಿಸಿದ್ದಾರೆ. ಇದು ಎದುರು ಪಕ್ಷಕ್ಕೆ ಅನುಕೂಲವಾದ ಅಂಶ. ವಿಮೆಂಟಿನ್‌ಗೆ ಪಾತ್ರವೇ ಇಲ್ಲವೆಂದು ಹೇಳಲು ನಾನೂ ಸಿದ್ಧನಿಲ್ಲ. ಆದರೆ ಬೇಗ ಪೆಟ್ಟು ತಿನ್ನುವುದು ಬೇರೆ, ನೇರ ಗುರಿಯಾಗುವುದು ಬೇರೆ. ಇನ್ನೊಂದು ಮಾತು: ಗ್ರಿನ್ ಅವರ ಪ್ರಯೋಗದಲ್ಲಿ ಕಡಿಮೆ ಪ್ರಮಾಣದಲ್ಲಿ ಫೈಬ್ರೋಬ್ಲಾಸ್ಟುಗಳು ಸಾಯಲಿಲ್ಲ, ವಿಭಜನೆ ನಿಲ್ಲಿಸಿ ಮುಪ್ಪಾದವು. ಪಿಪೆಟ್ಟಿನ ತುದಿಯಿಂದ ಕೋಶಗಳ ಹಾಸಿನಲ್ಲಿ ಗೀರೆಳೆದು, ಅದು ಎಷ್ಟು ಹೊತ್ತಿಗೆ ಮುಚ್ಚಿತು ಎಂದು ಅಳೆಯುವ ಪರೀಕ್ಷೆಯಲ್ಲಿ ಇದು ಗೊಂದಲ ಹುಟ್ಟಿಸುತ್ತದೆ. ಗೀರು ಮುಚ್ಚುವುದು ಕೋಶಗಳು ಸರಿದು ಬರುವುದರಿಂದ ಮಾತ್ರವಲ್ಲ, ಅಂಚಿನ ಕೋಶಗಳು ಇಬ್ಭಾಗವಾಗುವುದರಿಂದಲೂ. ವಿಭಜನೆಯನ್ನು ಮೈಟೊಮೈಸಿನ್‌ನಂಥ ಔಷಧಿಯಿಂದ ಮೊದಲೇ ತಡೆಯದಿದ್ದರೆ, ಗೀರು ಉಳಿದದ್ದನ್ನು ಚಲನೆ ನಿಂತಿದ್ದಕ್ಕೆ ಸಾಕ್ಷಿಯೆನ್ನಲಾಗದು.

ಇಲಿಯ ಪ್ರಯೋಗಗಳಿಗೂ ಇದೇ ತೊಡಕು. ಮೂಲ ಗಡ್ಡೆ ಚಿಕ್ಕದಾದರೆ ಅದರಿಂದ ಹೊರಡುವ ಕೋಶಗಳೂ ಕಡಿಮೆ. ಶ್ವಾಸಕೋಶದ ಗಂಟುಗಳ ಇಳಿಕೆ ಅಷ್ಟರಿಂದಲೇ ಬಂದಿರಬಹುದು. ಗಡ್ಡೆಯನ್ನು ಶಸ್ತ್ರಕ್ರಿಯೆಯಿಂದ ತೆಗೆದ ಮೇಲೆ ಸಂಯುಕ್ತ ಕೊಟ್ಟು ನೋಡಿದರೆ ಎರಡನ್ನೂ ಬೇರ್ಪಡಿಸಬಹುದು. ವಿಮೆಂಟಿನ್ ಜೀನನ್ನು ಅಳಿಸಿದ ಸ್ತನ ಕ್ಯಾನ್ಸರ್ ಕೋಶಗಳಿಗೆ ಸಿಸ್ಟೀನ್ ಇಲ್ಲದ ವಿಮೆಂಟಿನನ್ನು ಮರಳಿ ಸೇರಿಸಿ ಅತಿಕ್ರಮಣ ಅಳೆಯುವುದು ಇನ್ನೂ ನೇರವಾದ ಪರೀಕ್ಷೆ: ಅಲ್ಲಿ ವಿಥಾಫೆರಿನ್-ಎ ನಿಷ್ಫಲವಾದರೆ ಇಲ್ಲಿನ ವಾದ ಬಿದ್ದುಹೋಗುತ್ತದೆ. ಅಶ್ವಗಂಧದ ಪುಡಿಯನ್ನು ಬಾಯಿಂದ ಸೇವಿಸಿದವರ ರಕ್ತದಲ್ಲಿ ಈ ನ್ಯಾನೊಮೋಲಾರ್ ಪ್ರಮಾಣ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಮೇಲಿನ ಯಾವ ಪ್ರಯೋಗವೂ ಅದಕ್ಕೆ ಉತ್ತರವಾಗುವುದಿಲ್ಲ.