ಕಡಲಿನ ಕಾವು ಮತ್ತು ಹಕ್ಕಿಗಳು: ಥಾಣೆ ಕ್ರೀಕ್

ಥಾಣೆ ಕ್ರೀಕ್ ಎಂದರೆ ಮುಂಬಯಿ ಬಳಿಯ ಥಾಣೆ, ಐರೋಲಿ, ವಾಶಿಗಳ ಪಕ್ಕದಲ್ಲಿ ಚಾಚಿಕೊಂಡಿರುವ ಉಪ್ಪುನೀರಿನ ಕವಲು. ಇದರ ಸುಮಾರು 1,690 ಹೆಕ್ಟೇರ್ ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು. 2022ರಲ್ಲಿ ಕ್ರೀಕ್ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ಆದರೆ ಅರಬ್ಬೀ ಸಮುದ್ರ ಕಾವೇರುತ್ತಿರುವುದು ಈ ಕರಾವಳಿಯ ಎಲ್ಲ ಹಕ್ಕಿಗಳನ್ನೂ ಒಂದೇ ತೆರನಾಗಿ ತಟ್ಟುವುದಿಲ್ಲ. ಬಿಸಿಯಾದ ನೀರು ಹಗುರವಾಗಿ ಮೇಲೆಯೇ ನಿಂತಾಗ ತಳದ ತಣ್ಣೀರಿನ ಪೋಷಕಾಂಶ ಮೇಲೇರದು. ಪ್ಲವಕ ಕುಗ್ಗುತ್ತದೆ, ಮೀನು ಆಳಕ್ಕೋ ದೂರಕ್ಕೋ ಸರಿಯುತ್ತದೆ. ನೀರಿನ ಮೇಲ್ಪದರದಿಂದಲೇ ಮೀನು ಹೆಕ್ಕುವ ರೀವ (ಟರ್ನ್) ಹಕ್ಕಿಗಳು, ಉದಾಹರಣೆಗೆ ದಕ್ಷಿಣದ ವೆಂಗುರ್ಲಾ ಬಂಡೆಗಳಲ್ಲಿ ಗೂಡುಕಟ್ಟುವವು, ಆಗ ಮರಿಗಳ ಹೊಟ್ಟೆಗಾಗಿ ಹೆಚ್ಚು ದೂರ ಹಾರಬೇಕು.

ಫ್ಲೆಮಿಂಗೊ ಕಥೆ ಬೇರೆ. ಕಿರಿಯ ಫ್ಲೆಮಿಂಗೊ ಕೊಕ್ಕನ್ನು ತಲೆಕೆಳಗಾಗಿ ಕೆಸರುನೀರಿಗಿಟ್ಟು, ನಾಲಗೆಯಿಂದ ನೀರನ್ನು ಹೊರದೂಡಿ, ಕೊಕ್ಕಿನ ಜರಡಿಯಲ್ಲಿ ಉಳಿದ ಪಾಚಿಯನ್ನು ನುಂಗುತ್ತದೆ. ಒಪ್ಪಲು ಮುಜುಗರವಾದರೂ, ಆ ಪಾಚಿಗೆ ಗೊಬ್ಬರ ನಗರಗಳ ಕೊಳಚೆಯೇ. ಕಡಲಿನ ಕಾವು ಫ್ಲೆಮಿಂಗೊಗಳನ್ನು ಮುಟ್ಟುವುದು ಬಳಸುದಾರಿಯಲ್ಲಿ, ಮಳೆಗಾಲದ ಮೂಲಕ: ಗುಜರಾತಿನ ಕಛ್ ರಣ್‌ನಲ್ಲಿ ಸಾಕಷ್ಟು ನೀರು ನಿಲ್ಲದ ವರ್ಷ ಅಲ್ಲಿ ಮರಿ ಮಾಡುವುದು ಕಷ್ಟ.

ಮಳೆಗಾಲದಲ್ಲಿ ಮುಂಬಯಿ ಕರಾವಳಿಗೆ ಬಂದು ಬೀಳುವ ನಡುಗಡಲಿನ ಬೂಬಿ ಹಕ್ಕಿಗಳನ್ನು ಕಾವಿನ ಬಲಿಗಳೆಂದು ಎಣಿಸುವುದು ಆತುರ; ಅವುಗಳಲ್ಲಿ ಹೆಚ್ಚಿನವು ಬಿರುಗಾಳಿ ತಳ್ಳಿತಂದವು.