ಅಳಿಸುವ ಮುನ್ನ ಅಳೆಯಿರಿ: ರೇಡಿಯೋ ಗದ್ದಲದ ಕಥೆ

ಮಿಂಚು ಹೊಡೆದಾಗ ಮೀಡಿಯಂ ವೇವ್ ರೇಡಿಯೋ 'ಚಟಪಟ' ಎನ್ನುವುದನ್ನು ನೀವು ಕೇಳಿರುತ್ತೀರಿ. ಎರಡು ಕೇಂದ್ರಗಳ ನಡುವೆ ಮುಳ್ಳನ್ನು ನಿಲ್ಲಿಸಿದರೆ 'ಸುಂಯ್' ಎಂಬ ಸದ್ದು ಬಿಡದೆ ಬರುತ್ತದೆ. ಎರಡನ್ನೂ ಗದ್ದಲವೆಂದೇ ಕರೆಯುತ್ತೇವೆ. ಆದರೆ ಅವುಗಳ ಹುಟ್ಟು ಬೇರೆ; ಆದ್ದರಿಂದ ಮದ್ದೂ ಬೇರೆ. ಇದು ತಿಳಿದದ್ದು ಹೇಗೆಂದು ನೋಡೋಣ.

ಬ್ಯಾಟರಿ ಜೋಡಿಸದ ರೋಧಕವೂ ಗದ್ದಲ ಮಾಡುತ್ತದೆ ಎಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ಸನ್ ಅಳೆದು 1928ರಲ್ಲಿ ಪ್ರಕಟಿಸಿದರು. ಎಲೆಕ್ಟ್ರಾನುಗಳ ಉಷ್ಣ ಚಲನೆಯೇ ಇದಕ್ಕೆ ಕಾರಣ. ಅದೇ ವರ್ಷ ನೈಕ್ವಿಸ್ಟ್ ಇದರ ಸೂತ್ರ ನೀಡಿದರು. ಬೋಲ್ಟ್ಸ್‌ಮನ್ ಸ್ಥಿರಾಂಕ, ನಿರಪೇಕ್ಷ ತಾಪ ಮತ್ತು ಆವೃತ್ತಿ ಪಟ್ಟಿಯ ಅಗಲ, ಈ ಮೂರರ ಗುಣಲಬ್ಧವೇ ಗದ್ದಲದ ಸಾಮರ್ಥ್ಯ. ಪಟ್ಟಿಯ ಅಗಲ ಅರ್ಧವಾದರೆ ಗದ್ದಲವೂ ಅರ್ಧವಾಗುತ್ತದೆ.

ಅಟ್ಲಾಂಟಿಕ್ ಸಾಗರದಾಚೆಗಿನ ರೇಡಿಯೋ ದೂರವಾಣಿಗೆ ಅಡ್ಡಿಮಾಡುವ ಗದ್ದಲದ ಮೂಲವನ್ನು ಹುಡುಕುವ ಕೆಲಸ ಅದೇ ಸಂಸ್ಥೆಯ ಕಾರ್ಲ್ ಜಾನ್‌ಸ್ಕಿಯವರ ಪಾಲಿಗೆ ಬಂದಿತು. ಫೋರ್ಡ್ ಕಾರಿನ ಚಕ್ರಗಳ ಮೇಲೆ ತಿರುಗುವ ಆಂಟೆನಾ ಕಟ್ಟಿ ಅವರು 20.5 ಮೆಗಾಹರ್ಟ್ಸ್‌ನಲ್ಲಿ ಆಲಿಸಿದರು. ಗದ್ದಲ ಮೂರು ಬಗೆಯದೆಂದು ಕಂಡಿತು: ಹತ್ತಿರದ ಗುಡುಗುಮಳೆಯದು, ದೂರದ ಗುಡುಗುಮಳೆಯದು, ಮತ್ತೊಂದು ಎಡೆಬಿಡದ ಸುಂಯ್‌ಗುಟ್ಟುವಿಕೆ. ಈ ಮೂರನೆಯದು 23 ಗಂಟೆ 56 ನಿಮಿಷಕ್ಕೊಮ್ಮೆ ಪುನರಾವರ್ತಿಸುತ್ತಿತ್ತು. ಅದು ಸೂರ್ಯನ ದಿನವಲ್ಲ, ನಕ್ಷತ್ರಗಳ ದಿನ! ಗದ್ದಲ ಬರುತ್ತಿದ್ದುದು ಧನು ರಾಶಿಯ ದಿಕ್ಕಿನಿಂದ, ನಮ್ಮ ಆಕಾಶಗಂಗೆಯ ಕೇಂದ್ರದ ಕಡೆಯಿಂದ. 1933ರಲ್ಲಿ ಅವರು ಇದನ್ನು ಪ್ರಕಟಿಸಿದರು. ರೇಡಿಯೋ ಖಗೋಳವಿಜ್ಞಾನ ಹುಟ್ಟಿದ್ದು ಹೀಗೆ.

ಈಗ ಸಾಫ್ಟ್‌ವೇರ್ ರೇಡಿಯೋಗೆ ಬರೋಣ. ಆಂಟೆನಾಗೆ ಬಂದ ಸಂಕೇತವನ್ನು ಅಂಕಿಗಳಾಗಿ ಬದಲಿಸಿ, ಉಳಿದ ಕೆಲಸವನ್ನು ಗಣಕದ ಲೆಕ್ಕಾಚಾರಕ್ಕೆ ಬಿಡುವುದು ಇದರ ತತ್ತ್ವ. 1992ರಲ್ಲಿ ಜೋಸೆಫ್ ಮಿಟೋಲಾ ಈ ಬಗ್ಗೆ ಪ್ರಬಂಧ ಮಂಡಿಸಿದರು. ಟಿವಿ ನೋಡಲು ತಯಾರಿಸಿದ ಅಗ್ಗದ ಯುಎಸ್‌ಬಿ ಸಾಧನವನ್ನೂ ಹೀಗೆ ಬಳಸಬಹುದೆಂದು 2012ರಲ್ಲಿ ತಿಳಿದ ಮೇಲೆ ಇದು ವಿದ್ಯಾರ್ಥಿಗಳ ಕೈಗೂ ಎಟುಕಿತು.

ಸಾಧನ ಹೊಸದಾದರೂ ಪಾಠ ಹಳೆಯದೇ. 2.4 ಮೆಗಾಹರ್ಟ್ಸ್ ಅಗಲದ ಪಟ್ಟಿಯಿಂದ ನಮಗೆ ಬೇಕಾದ 2.4 ಕಿಲೋಹರ್ಟ್ಸ್ ಮಾತ್ರ ಸೋಸಿಕೊಂಡರೆ ಉಷ್ಣ ಗದ್ದಲ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಿಂಚಿನ ಸಿಡಿತಕ್ಕೆ ಈ ಮದ್ದು ನಾಟದು. ಕಿರಿದಾದ ಸೋಸುಕವನ್ನು ಹೊಕ್ಕ ಸಿಡಿತ ಬಡಿದ ಗಂಟೆಯ ನಾದದಂತೆ ಎಳೆದುಕೊಳ್ಳುತ್ತದೆ. ಆದ್ದರಿಂದ ಸಿಡಿತದ ಅಂಕಿಗಳನ್ನು ಮೊದಲು ಕಿತ್ತು, ಆಮೇಲೆ ಸೋಸಬೇಕು. ಇನ್ನು ಪಕ್ಕದ ಪ್ರಬಲ ಕೇಂದ್ರದಿಂದ ಅಂಕಿಗಳೇ ಮಿತಿ ಮೀರಿದ್ದರೆ ಸಾಫ್ಟ್‌ವೇರ್ ನಿರುಪಾಯ. ಸೋಸುಕ ಆಂಟೆನಾದ ಬಳಿಯೇ ಬೇಕು.

ಗದ್ದಲ ಅಳಿಸುವ ಹಲವು ಪ್ರೋಗ್ರಾಮುಗಳು ಬದಲಾಗದ ಹಿನ್ನೆಲೆಯನ್ನು ಅಂದಾಜು ಮಾಡಿ ಕಳೆದುಬಿಡುತ್ತವೆ. ಜಾನ್‌ಸ್ಕಿಯವರ ಬಳಿ ಅಂಥ ಗುಂಡಿ ಇದ್ದು, ಅವರು ಅದನ್ನು ಒತ್ತಿದ್ದರೆ? ಆಕಾಶಗಂಗೆಯೇ ಅಳಿಸಿಹೋಗುತ್ತಿತ್ತು! ನಮ್ಮ ಗೌರಿಬಿದನೂರಿನ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ತಯಾರಿಸಿದ್ದು ಇಂಥ 'ಗದ್ದಲ'ದಿಂದಲೇ. ಆ ನಕ್ಷೆ 1990ರಲ್ಲಿ ಪ್ರಕಟವಾಯಿತು.

ನಿಮ್ಮ ಶಾಲೆ ಅಥವಾ ಕಾಲೇಜಿನಲ್ಲಿ ಇಂಥ ರೇಡಿಯೋ ಇದ್ದರೆ ಹೀಗೆ ಮಾಡಿ. ಮೊದಲು ಆಂಟೆನಾ ಕಳಚಿ. ಗದ್ದಲ ಇಳಿದರೆ ಅದು ಹೊರಗಿನದು, ಇಳಿಯದಿದ್ದರೆ ರೇಡಿಯೋದ್ದೇ. ಆಂಟೆನಾ ಮತ್ತೆ ಜೋಡಿಸಿ, ಲ್ಯಾಪ್‌ಟಾಪಿನ ಚಾರ್ಜರ್ ತೆಗೆಯಿರಿ. ಎಲ್‌ಇಡಿ ದೀಪಗಳನ್ನು ಒಂದೊಂದಾಗಿ ಆರಿಸಿ. ಪ್ರತಿ ಸಲವೂ ಗದ್ದಲದ ಮಟ್ಟವನ್ನು ಬರೆದಿಡಿ. ಅಳಿಸುವ ಗುಂಡಿ ಒತ್ತುವುದು ಆಮೇಲೆ.